ಹೊಸತೊಡಕಿನ ಗುಡ್ಡೆ

ಹಳೆ ಮೈಸೂರು ಸೀಮೆಯಲ್ಲಿ ಯುಗಾದಿ ಒಂದೇ ದಿನಕ್ಕೆ ಮುಗಿಯುವುದಿಲ್ಲ. ಮೊದಲ ದಿನ ಎಣ್ಣೆನೀರು, ಬೇವುಬೆಲ್ಲ, ಒಬ್ಬಟ್ಟು. ಸಂಜೆ ಚಂದ್ರನನ್ನು ನೋಡಿ ಹಿರಿಯರ ಕಾಲಿಗೆ ಬೀಳುವುದು. ಮಾರನೆಯ ದಿನ ಹೊಸತೊಡಕು. ಕೆಲವೂರಲ್ಲಿ ವರ್ಷದ ತೊಡಕು ಅನ್ನುತ್ತಾರೆ. ಅವತ್ತು ಮಾಂಸ ತಿನ್ನುವ ಮನೆಗಳಲ್ಲೆಲ್ಲ ಬಾಡೂಟ. ಮಂಡ್ಯ, ರಾಮನಗರ, ಮೈಸೂರು, ತುಮಕೂರು, ಬೆಂಗಳೂರಿನ ಸುತ್ತಮುತ್ತ ಎಲ್ಲಿಗೆ ಹೋದರೂ ಆ ದಿನದ ಗಾಳಿಯಲ್ಲಿ ಹುರಿದ ಧನಿಯದ ವಾಸನೆ. ಮೊದಲ ದಿನದ ಹಬ್ಬಕ್ಕೆ ಪಂಚಾಂಗವಿದೆ, ಪಠ್ಯಪುಸ್ತಕದಲ್ಲಿ ಪಾಠವಿದೆ, ಕವಿಗಳ ಪದ್ಯಗಳಿವೆ. ಎರಡನೆಯ ದಿನದ ಹಬ್ಬವನ್ನು ಬರೆದಿಟ್ಟವರು ಕಡಿಮೆ. ಹೈಸ್ಕೂಲಿನಲ್ಲಿ ಸಮಾಜವಿಜ್ಞಾನ ಪಾಠ ಮಾಡಿ ನಿವೃತ್ತಳಾದ ನನಗೆ ಇದು ಬಹಳ ಕಾಲದಿಂದ ಕೊರೆಯುತ್ತಿದೆ. ನಮ್ಮ ಜನ ಕೈಯಲ್ಲಿ ಕಾಸಿಲ್ಲದೆಯೂ ನೆಂಟರನ್ನು ಕರೆದು ಹೊಟ್ಟೆ ತುಂಬ ಉಣ್ಣಿಸಿದ ಚರಿತ್ರೆ ಆ ಎರಡನೆಯ ದಿನದಲ್ಲಿದೆ.

ಮದ್ದೂರು ತಾಲ್ಲೂಕಿನ ನಮ್ಮೂರಲ್ಲಿ ನಮ್ಮಪ್ಪ ಬಾಡಿನ ಚೀಟಿ ನಡೆಸುತ್ತಿದ್ದ. ಹೊಸತೊಡಕಿನ ಮಾಂಸಕ್ಕೆಂದು ಮನೆಮನೆಯವರು ವರ್ಷವೆಲ್ಲ ವಾರವಾರ ಹಣ ಕೂಡಿಡುವುದೇ ಈ ಚೀಟಿ. ಅವನ ಲೆಕ್ಕದ ಪುಸ್ತಕಗಳು ಈಗ ನನ್ನ ಬೀರುವಿನಲ್ಲಿವೆ. ಉದ್ದನೆಯ ಕೆಂಪು ರಟ್ಟಿನ ಪುಸ್ತಕ, ಮೊದಲ ಪುಟದಲ್ಲಿ ಅರಿಸಿನದ ಗುರುತು, ಅದರ ಕೆಳಗೆ ಸಂವತ್ಸರದ ಹೆಸರು. ಇಸವಿ ಬರೆಯುವ ಅಭ್ಯಾಸ ಅವನಿಗಿರಲಿಲ್ಲ. ಎಡಗಡೆ ಮನೆಗಳ ಹೆಸರು, ಬಲಗಡೆ ವಾರಕ್ಕೊಂದು ಗೀಟು. ಹಣ ಕಟ್ಟದ ವಾರಕ್ಕೆ ಸೊನ್ನೆ. ಯಾರ ಮನೆಯಲ್ಲಿ ಯಾವ ತಿಂಗಳು ಕಷ್ಟವಿತ್ತು ಎಂಬುದನ್ನು ಆ ಸೊನ್ನೆಗಳು ಇವತ್ತಿಗೂ ಹೇಳುತ್ತವೆ.

ಯುಗಾದಿ ಬರುವ ಕಾಲವೇ ಹಳ್ಳಿಯವರಿಗೆ ಕಷ್ಟದ್ದು. ರಾಗಿ ಕೊಯ್ಲು ಕಾರ್ತಿಕ, ಮಾರ್ಗಶಿರದಲ್ಲಿ ಮುಗಿದಿರುತ್ತದೆ. ಒಕ್ಕಣೆಯಾಗಿ ಕಾಳು ಹಗೇವಿಗೆ ಸೇರಿರುತ್ತದೆ. ಚೈತ್ರದ ಹೊತ್ತಿಗೆ ಮನೆಯಲ್ಲಿ ದವಸ ಇರಬಹುದು, ದುಡ್ಡಿರುವುದಿಲ್ಲ. ಮುಂಗಾರು ಇನ್ನೂ ದೂರ, ಕೂಲಿ ಕೆಲಸ ತೀರ ಕಡಿಮೆ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದ ಊರುಗಳಲ್ಲಿ ಕಬ್ಬು, ಭತ್ತ ಬಂತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಶುರುವಾದ ಮೇಲೆ ಕಬ್ಬಿನ ಗದ್ದೆಯವರ ಕೈಗೆ ನಗದು ಹತ್ತಿತು. ನಾಲೆ ಹತ್ತದ ಮೇಲುಭೂಮಿಯವರಿಗೆ, ಗದ್ದೆಯೇ ಇಲ್ಲದ ಕೂಲಿಯವರಿಗೆ ಆ ಭಾಗ್ಯವಿರಲಿಲ್ಲ. ಜೀತದಾಳಿನ ವರ್ಷವೂ ಯುಗಾದಿಯಿಂದ ಯುಗಾದಿಗೇ. ಹಳೇ ಲೆಕ್ಕ ಮುಗಿಸಿ ಹೊಸ ಕರಾರಿಗೆ ಒಪ್ಪಿಕೊಳ್ಳುವ ದಿನ ಅದು, ಮತ್ತೆ ಸಾಲ ಏರುವ ದಿನವೂ ಹೌದು. 1976ರಲ್ಲಿ ಜೀತ ರದ್ದತಿಯ ಕಾಯಿದೆ ಬರುವವರೆಗೂ, ಬಂದ ಮೇಲೆಯೂ ಕೆಲವು ಕಾಲ, ನಮ್ಮ ಕಡೆ ಹಬ್ಬವೆಂದರೆ ಎಷ್ಟೋ ಮನೆಗಳಿಗೆ ಹೊಸ ಸಾಲದ ಮೊದಲ ದಿನವಾಗಿತ್ತು.

ಹಬ್ಬವನ್ನು ಬಿಡುವಂತೆಯೂ ಇರಲಿಲ್ಲ. ಕೊಟ್ಟ ಹೆಣ್ಣುಮಗಳು ಗಂಡ ಮಕ್ಕಳ ಜೊತೆ ಬರುತ್ತಾಳೆ. ಬೆಂಗಳೂರಿಗೆ ಕೆಲಸಕ್ಕೆ ಹೋದ ತಮ್ಮ ಸ್ನೇಹಿತರನ್ನು ಕರೆದುಕೊಂಡು ಬರುತ್ತಾನೆ. ಹೊಸತೊಡಕಿನ ದಿನ ಒಬ್ಬರನ್ನೂ ಊಟಕ್ಕೆ ಕರೆಯದ ಮನೆಯ ಬಗ್ಗೆ ಊರು ಮಾತಾಡುತ್ತದೆ. ಐದು ಜನರ ಮನೆಯಲ್ಲಿ ಹನ್ನೆರಡು ಎಲೆ ಹಾಕಬೇಕು, ಅದೂ ಮಾಂಸದ ಊಟಕ್ಕೆ. ಒಂದು ಮನೆಯವರು ಒಂದು ಇಡೀ ಕುರಿಯನ್ನು ಕೊಳ್ಳುವುದು ಗೌಡರ, ಶಾನುಭೋಗರಿಗೆ ಸಾಲ ಕೊಡುವಂಥ ಸಾಹುಕಾರರ ಮಾತು. ಊರಲ್ಲಿ ಮಾಂಸದಂಗಡಿ ಎಂಬುದೇ ಇರಲಿಲ್ಲ. ಅರ್ಧ ಸೇರು, ಒಂದು ಸೇರು ಎಂದು ತಂದುಕೊಳ್ಳುವ ದಾರಿಯೂ ಇರಲಿಲ್ಲ. ಊರಿನವರೆಲ್ಲ ಸೇರಿ ಕೊಂಡು, ಕೊಯ್ದು, ಸಮನಾಗಿ ಹಂಚಿಕೊಳ್ಳುವ ಗುಡ್ಡೆಯ ಪದ್ಧತಿಗೆ ಕಾರಣ ಇಷ್ಟೇ.

ಅದಕ್ಕೂ ಮುಂಚೆ ಬೇಟೆಯಿತ್ತು. ಯುಗಾದಿ ಬೇಟೆ ಎಂದು ಊರ ಗಂಡಸರು ನಾಯಿ, ಬಲೆ, ಭರ್ಜಿ ಹಿಡಿದು ಗುಡ್ಡಕ್ಕೆ ಹೋಗುತ್ತಿದ್ದುದನ್ನು ನಮ್ಮ ತಾತ ಕಣ್ಣಿಗೆ ಕಟ್ಟುವಂತೆ ಹೇಳುತ್ತಿದ್ದ. ಮೊಲವೋ ಕಾಡುಹಂದಿಯೋ ಸಿಕ್ಕರೆ ಕೊಂದವನಿಗೆ ಒಂದು ಪಾಲು ಹೆಚ್ಚು, ನಾಯಿಯ ಯಜಮಾನನಿಗೆ ನಾಯಿಯ ಪಾಲು, ಮಿಕ್ಕಿದ್ದು ಹೋದವರಿಗೆಲ್ಲ ಸಮ. ಕಾಸು ಖರ್ಚಿಲ್ಲದ ಹಬ್ಬದೂಟ ಅದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಅದು ಅಪರಾಧವಾಯಿತು. ಕಾಯಿದೆ ಬರಬೇಕಾದದ್ದೇ, ನಮ್ಮ ಕಡೆಯ ಗುಡ್ಡಗಳಲ್ಲಿ ಅಷ್ಟು ಹೊತ್ತಿಗೆ ಉಳಿದಿದ್ದೇ ಸ್ವಲ್ಪ. ಗುಡ್ಡೆ ಹಾಕುವ ನ್ಯಾಯವನ್ನು ನಮ್ಮ ಜನ ಕಲಿತದ್ದು ಬೇಟೆಯ ಪಾಲಿನಿಂದಲೇ ಎಂದು ನನ್ನ ಊಹೆ. ಊರಮ್ಮನ ಹಬ್ಬದಲ್ಲಿ ಹರಕೆಯ ಕುರಿಯ ಮಾಂಸ ಹಂಚುವ ಕ್ರಮವೂ ಇದಕ್ಕೆ ಹತ್ತಿರದ್ದೇ.

ಹೊಟ್ಟೆ ತುಂಬ ಉಣ್ಣಿಸುವ ಈ ಹಬ್ಬದ ಬೆನ್ನಿಗೆ ಹಸಿವಿನ ನೆನಪೂ ಇದೆ. ಯುಗಾದಿಯ ಬೆಳಿಗ್ಗೆ ದೇವಸ್ಥಾನದಲ್ಲಿ ಪಂಚಾಂಗ ಓದಿಸುತ್ತಾರೆ. ಈ ವರ್ಷ ಎಷ್ಟು ಕೊಳಗ ಮಳೆ, ಬೆಳೆ ಹೇಗೆ, ಧಾನ್ಯದ ಬೆಲೆ ಏರುವುದೋ ಇಳಿಯುವುದೋ ಎಂದು ಎಲ್ಲರೂ ಕಿವಿಗೊಟ್ಟು ಕೇಳುವುದು. ಇದು ಬರೀ ಆಚಾರವಲ್ಲ. ನಮ್ಮ ಜನ ಬರವನ್ನು ಸಂವತ್ಸರದ ಹೆಸರಿನಿಂದಲೇ ನೆನಪಿಟ್ಟುಕೊಂಡವರು. 1876ರ ಯುಗಾದಿಗೆ ಶುರುವಾದದ್ದು ಧಾತು, ಅದರ ಮುಂದಿನದು ಈಶ್ವರ. ಆ ಎರಡು ವರ್ಷಗಳ ಬರವನ್ನು ಈಗಲೂ ಧಾತು ಈಶ್ವರದ ಬರ ಅನ್ನುತ್ತೇವೆ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು; 1881ರಲ್ಲಿ ಅದು 42 ಲಕ್ಷಕ್ಕೂ ಕೆಳಗೆ ಇಳಿಯಿತು. ಹತ್ತು ವರ್ಷದಲ್ಲಿ ಹೆಚ್ಚಬೇಕಾಗಿದ್ದ ಜನ ಎಂಟೂವರೆ ಲಕ್ಷಕ್ಕೂ ಮೀರಿ ಕಡಿಮೆಯಾದರು. ತರಗತಿಯಲ್ಲಿ ಈ ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಬರೆದಾಗಲೆಲ್ಲ ನನ್ನ ಕೈ ಒಂದು ಕ್ಷಣ ನಿಲ್ಲುತ್ತಿತ್ತು. ಹಾಗೆ ಉಳಿದುಕೊಂಡವರ ಮೊಮ್ಮಕ್ಕಳು ನಮ್ಮ ತಾತಂದಿರು. ತಟ್ಟೆಯಲ್ಲಿ ಬಿಟ್ಟ ಒಂದು ತುತ್ತಿಗೆ ಅವರು ಅಷ್ಟು ಸಿಟ್ಟಾಗುತ್ತಿದ್ದುದು ಏಕೆ ಎಂದು ನನಗೆ ಆ ಅಂಕಿ ನೋಡಿದ ಮೇಲೆ ತಿಳಿಯಿತು.

ಅಪ್ಪ ಚೀಟಿ ಶುರುಮಾಡಿದ್ದು ಎರಡನೇ ಮಹಾಯುದ್ಧ ಮುಗಿದ ನಂತರದ ವರ್ಷಗಳಲ್ಲಿ. ಯುದ್ಧದ ಕಾಲದ ಧಾನ್ಯದ ಲೆವಿ, ಸೀಮೆಎಣ್ಣೆ ಸಕ್ಕರೆಗಳ ಪಡಿತರ, ಇವೆಲ್ಲ ಜನರಿಗೆ ಲೆಕ್ಕ ಬರೆದಿಡುವುದನ್ನು ಕಲಿಸಿದ್ದವು. ಮೊದಮೊದಲಿಗೆ ವಾರಕ್ಕೆ ಎರಡಾಣೆ, ಆಮೇಲೆ ನಾಲ್ಕಾಣೆ. 1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬಂದ ಮೇಲೆ ಪುಸ್ತಕದಲ್ಲಿ 25 ಎಂದು ಬರೆಯುತ್ತಿದ್ದ, ಬಾಯಲ್ಲಿ ಮಾತ್ರ ನಾಲ್ಕಾಣೆಯೇ. ಸಂತೆಯ ದಿನ ಸಂಜೆ ನಮ್ಮ ಜಗಲಿಗೆ ಬಂದು ಕಟ್ಟಬೇಕು. ಅವತ್ತು ಸೌದೆಯೋ ತರಕಾರಿಯೋ ಮಾರಿದ ಕಾಸು ಕೈಯಲ್ಲಿರುತ್ತದೆ, ಮಾರನೆಯ ದಿನಕ್ಕೆ ಇರುವುದಿಲ್ಲ. ಅದಕ್ಕೇ ಸಂತೆಯ ದಿನ.

ಕೂಡಿದ ಹಣ ಪೆಟ್ಟಿಗೆಯಲ್ಲಿ ಸುಮ್ಮನೆ ಕೂರುತ್ತಿರಲಿಲ್ಲ. ಚೀಟಿಯವರಲ್ಲೇ ಬೇಕಾದವರಿಗೆ ಸಾಲ ಕೊಡುತ್ತಿದ್ದರು. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ. ಹೊರಗಿನ ಸಾಹುಕಾರ ಕೇಳುವುದಕ್ಕಿಂತ ಅದು ಎಷ್ಟೋ ಕಡಿಮೆ. ಬಿತ್ತನೆ ಕಾಳಿಗೆ, ಬಾಣಂತಿಯ ಖರ್ಚಿಗೆ, ಎತ್ತಿನ ಲಾಳಕ್ಕೆ ಎಂದು ಪುಸ್ತಕದ ಹಿಂದಿನ ಪುಟಗಳಲ್ಲಿ ಸಾಲದ ಕಾರಣವನ್ನೂ ಅಪ್ಪ ಬರೆದಿದ್ದಾನೆ. ಫಾಲ್ಗುಣದ ಹೊತ್ತಿಗೆ ಅಸಲು ಬಡ್ಡಿ ಎರಡೂ ವಾಪಸಾಗಬೇಕು. ಅಸಲಿನಲ್ಲಿ ಎರಡು ಕುರಿ ಬಂದರೆ ಬಡ್ಡಿಯಲ್ಲಿ ಮತ್ತೊಂದು ಮರಿ. ಸಾಲ ಪಡೆದವನು ಕೊಟ್ಟ ಬಡ್ಡಿಯ ಒಂದು ತುಣುಕು ಅವನ ಎಲೆಗೂ ಮಾಂಸವಾಗಿ ಬಂದು ಬೀಳುತ್ತಿತ್ತು. ಈ ಉಪಾಯವನ್ನು ಯಾರು ಮೊದಲು ಯೋಚಿಸಿದರೋ, ಅವರಿಗೆ ನಾನು ಕೈ ಮುಗಿಯುತ್ತೇನೆ. ಗದಗದ ಹತ್ತಿರ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ನಮ್ಮ ಪಠ್ಯಪುಸ್ತಕದಲ್ಲಿ ಬರುತ್ತದೆ, ಬರಬೇಕಾದದ್ದೇ. ಅದೇ ತತ್ವ ರಿಜಿಸ್ಟರಿಲ್ಲದೆ, ಮೊಹರಿಲ್ಲದೆ, ಒಂದು ಜಗಲಿಯ ಮೇಲೆ ನಡೆಯುತ್ತಿದ್ದುದು ಎಲ್ಲೂ ಬರಲಿಲ್ಲ.

ಚೀಟಿಯ ಬಲ ಇನ್ನೊಂದರಲ್ಲಿತ್ತು. ಯುಗಾದಿಯೆಂದರೆ ಇಸ್ಪೀಟು. ಅರಳಿಕಟ್ಟೆ, ಹುಣಸೆ ತೋಪು, ಎಲ್ಲೆಲ್ಲೂ ಎಲೆ ಹಾಕಿಕೊಂಡು ಕೂತವರೇ. ಅಷ್ಟೋ ಇಷ್ಟೋ ಕೂಡಿಟ್ಟ ಹಣ ಹಬ್ಬದ ಹಿಂದಿನ ರಾತ್ರಿ ಕಳೆದುಹೋದ ಮನೆಗಳು ಎಷ್ಟೋ. ಚೀಟಿಗೆ ಕಟ್ಟಿದ ಹಣವನ್ನು ನಡುವೆ ವಾಪಸು ಕೇಳುವಂತಿರಲಿಲ್ಲ. “ಅಣ್ಣಯ್ಯ, ನಮ್ಮೆಜಮಾನ್ರು ಬಂದು ಕೇಳುದ್ರೆ ಕೊಟ್ಬುಡ್ಬೇಡಿ ಕಣಣ್ಣ” ಎಂದು ಹೆಂಗಸರು ಹಿತ್ತಲ ಬಾಗಿಲಿನಿಂದ ಬಂದು ಅಪ್ಪನಿಗೆ ಹೇಳಿಹೋಗುತ್ತಿದ್ದರು. ಕೆಲವರು ಗಂಡನ ಹೆಸರಿನಲ್ಲಿ ಒಂದು, ತಮ್ಮ ಹೆಸರಿನಲ್ಲಿ ಗುಟ್ಟಾಗಿ ಇನ್ನೊಂದು ಕಟ್ಟುತ್ತಿದ್ದರು. ಪುಸ್ತಕದಲ್ಲಿ ಅಂಥವರಿಗೆ ಅಪ್ಪ ಹೆಸರಿನ ಬದಲು ಒಂದು ಚುಕ್ಕೆ ಮಾತ್ರ ಇಟ್ಟಿದ್ದಾನೆ.

ಕುರಿ ತರುವುದು ಹಬ್ಬಕ್ಕೆ ಎರಡು ಮೂರು ವಾರ ಮೊದಲೇ. ಹಬ್ಬ ಹತ್ತಿರ ಬಂದಷ್ಟೂ ಸಂತೆಯಲ್ಲಿ ಬೆಲೆ ಏರುತ್ತದೆ. ಕೆ.ಆರ್. ಪೇಟೆ ಕಡೆಯವರು ತೆಂಡೆಕೆರೆ ಸಂತೆಗೆ, ತುಮಕೂರು ಸೀಮೆಯವರು ಅಕ್ಕಿರಾಂಪುರದ ಸಂತೆಗೆ ಹೋದಂತೆ ನಮ್ಮವರು ಬನ್ನೂರಿನ ಕಡೆಗೆ ಹೋಗುತ್ತಿದ್ದರು. ಬನ್ನೂರು ಕುರಿ ಕುಳ್ಳು, ಕೊಂಬಿಲ್ಲ, ಹಿಂದಿನಿಂದ ನೋಡಿದರೆ ತೊಡೆಗಳ ನಡುವೆ ಅಗಲವಾದ ಕಮಾನು. ಮೈಯೆಲ್ಲ ಬಿಳಿ, ಕೆಲವಕ್ಕೆ ಮುಖ ಕಂದು. ಎತ್ತರವಿಲ್ಲದಿದ್ದರೂ ಮೈತುಂಬ ಮಾಂಸ, ಮೂಳೆ ಸಣ್ಣದು. ಕೊಳ್ಳುವವನು ಬೆನ್ನಿನ ಮೇಲೆ ಹೆಬ್ಬೆರಳು ಒತ್ತಿ, ಬಾಲದ ಬುಡ ಹಿಡಿದು ನೋಡಿ ಎಷ್ಟು ಮಾಂಸ ಬೀಳುತ್ತದೆ ಎಂದು ಅಂದಾಜು ಮಾಡಬೇಕು. ಜೀವತೂಕದ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಮಾಂಸವಾಗುತ್ತದೆ. ಮಿಕ್ಕಿದ್ದು ಚರ್ಮ, ಹೊಟ್ಟೆ, ತಲೆ, ಕಾಲು. ದರ ಕುದುರಿಸುವುದು ಟವೆಲ್ಲಿನ ಕೆಳಗೆ ಬೆರಳು ಹಿಡಿದು. ಬೆಲೆ ಎಷ್ಟಾಯಿತೆಂದು ಪಕ್ಕದವನಿಗೂ ತಿಳಿಯಬಾರದು, ಆದರೆ ಊರಿಗೆ ಬಂದ ಮೇಲೆ ಚೀಟಿಯವರೆಲ್ಲರ ಎದುರು ಕಾಸುಕಾಸಿನ ಲೆಕ್ಕ ಒಪ್ಪಿಸಬೇಕು. ಅಲ್ಲಿಂದ ಹಬ್ಬದವರೆಗೆ ಸರದಿಯ ಮೇಲೆ ಒಂದೊಂದು ಮನೆಯವರು ಸೊಪ್ಪು ಹುರುಳಿ ಹಾಕಿ ಮೇಯಿಸುವುದು.

ಹೊಸತೊಡಕಿನ ಬೆಳಿಗ್ಗೆ, ಬೆಳಕು ಹರಿಯುವ ಮುಂಚೆ, ಊರ ಹೊರಗಿನ ಮಾವಿನ ತೋಪಿನಲ್ಲಿ ಕೆಲಸ ಶುರು. ನೆಲ ಗುಡಿಸಿ ನೀರು ಚಿಮುಕಿಸಿ, ತೆಂಗಿನ ಗರಿ ಹಾಸಿ, ಅದರ ಮೇಲೆ ಬಾಳೆ ಎಲೆ, ಮುತ್ತುಗದ ಎಲೆಗಳನ್ನು ಸಾಲಾಗಿ ಇಡುವುದು. ಎಷ್ಟು ಚೀಟಿಯೋ ಅಷ್ಟು ಎಲೆ. ಕೊಯ್ದು ಸುಲಿದು ತುಂಡು ಮಾಡುವ ಕೆಲಸಕ್ಕೆ ನುರಿತವರು ನಾಲ್ಕೈದು ಜನ. ಆಮೇಲೆ ಹಂಚಿಕೆ. ಮಾಂಸವನ್ನೆಲ್ಲ ಒಟ್ಟು ಹಾಕಿ ಹಂಚುವುದಿಲ್ಲ. ಮೊದಲು ತೊಡೆಯ ಮಾಂಸ ಪ್ರತಿ ಎಲೆಗೂ ಇಷ್ಟಿಷ್ಟು, ಅದು ಮುಗಿದ ಮೇಲೆ ಪಕ್ಕೆ, ಆಮೇಲೆ ಬೆನ್ನು, ಕುತ್ತಿಗೆ, ಲಿವರು ಬೆರಳಗಲ, ಬೋಟಿ ತೊಳೆದು ಕತ್ತರಿಸಿ ಒಂದೊಂದು ಹಿಡಿ, ಕೊಬ್ಬು ಕೊನೆಗೆ. ಸಾಹುಕಾರನ ಎಲೆಗೆ ಬರೀ ತೊಡೆ, ಬಡವನ ಎಲೆಗೆ ಬರೀ ಮೂಳೆ ಎಂಬುದು ಇಲ್ಲಿ ನಡೆಯುವುದಿಲ್ಲ. ತಲೆ ಕಾಲುಗಳನ್ನು ಅಲ್ಲೇ ಹರಾಜು ಹಾಕುತ್ತಾರೆ. ಆ ಹಣವೂ ಚರ್ಮ ಮಾರಿದ ಹಣವೂ ಚೀಟಿಯ ಲೆಕ್ಕಕ್ಕೆ ಜಮಾ.

ತಕ್ಕಡಿ ಇರಲಿಲ್ಲ. 1956ರಲ್ಲಿ ತೂಕ ಅಳತೆಯ ಕಾಯಿದೆಯಾಗಿ ಮುಂದಿನ ವರ್ಷಗಳಲ್ಲಿ ಸೇರು ಪಾವು ಹೋಗಿ ಕಿಲೋ ಬಂದರೂ ನಮ್ಮ ತೋಪಿಗೆ ಅದು ಬರಲು ಬಹಳ ಕಾಲ ಹಿಡಿಯಿತು. ಮೂರು ಜನ ಹಿರಿಯರು ಸಾಲಿನ ಆ ತುದಿಯಿಂದ ಈ ತುದಿಗೆ ನಡೆದು ಬರುತ್ತಾರೆ. ಒಬ್ಬರ ಕಣ್ಣಿಗೆ ಒಂದು ಗುಡ್ಡೆ ಕಿರಿದಾಗಿ ಕಂಡರೆ ಪಕ್ಕದಿಂದ ಒಂದು ತುಂಡು ತೆಗೆದು ಅದಕ್ಕೆ ಹಾಕುತ್ತಾರೆ. ಎರಡನೆಯವರು, ಮೂರನೆಯವರು ಹಾಗೆಯೇ. ಮೂವರೂ “ಸರಿ” ಅಂದ ಮೇಲೆ ಯಾವ ಗುಡ್ಡೆ ಯಾರದು ಎಂಬ ಮಾತು. ಒಬ್ಬ ಹುಡುಗನನ್ನು ಬೆನ್ನು ತಿರುಗಿಸಿ ನಿಲ್ಲಿಸುತ್ತಾರೆ. ಹಿರಿಯರೊಬ್ಬರು ಒಂದು ಗುಡ್ಡೆಯನ್ನು ಕೋಲಿನಿಂದ ಮುಟ್ಟಿ “ಇದ್ಯಾರ್ದ್ಲಾ ಮಗ?” ಅನ್ನುತ್ತಾರೆ. ಹುಡುಗ ಬಾಯಿಗೆ ಬಂದ ಮನೆಯ ಹೆಸರು ಕೂಗುತ್ತಾನೆ. ಆ ಮನೆಯವರು ಪಾತ್ರೆ ತಂದು ತುಂಬಿಕೊಳ್ಳುತ್ತಾರೆ. ಅದರ ಮೇಲೆ ಅಪೀಲಿಲ್ಲ. ಊರ ಯಜಮಾನನ ಗುಡ್ಡೆಯನ್ನೂ ಜೀತದಾಳಿನ ಗುಡ್ಡೆಯನ್ನೂ ಒಂದೇ ಹುಡುಗನ ಬಾಯಿ ತೀರ್ಮಾನ ಮಾಡುತ್ತಿತ್ತು. ಹೆಣ್ಣುಮಕ್ಕಳನ್ನು ತೋಪಿಗೆ ಬಿಡುತ್ತಿರಲಿಲ್ಲ. ನಾನು ಬೇಲಿಯ ಆಚೆ ನಿಂತು ನೋಡಿದವಳು. ವರ್ಷವೆಲ್ಲ ತಲೆ ತಗ್ಗಿಸಿ ನಡೆಯುವವರು ಆ ಹೊತ್ತು ಎಲ್ಲರ ಸಮಕ್ಕೆ ನಿಂತು ತಮ್ಮ ಹೆಸರಿಗೆ ಕಾಯುತ್ತಿದ್ದುದನ್ನು ಕಂಡಿದ್ದೇನೆ. ಮುಂದೆ ಸಂವಿಧಾನದ ಪಾಠ ಮಾಡುವಾಗ ಸಮಾನತೆಗೆ ಉದಾಹರಣೆ ಕೊಡಬೇಕಾದಾಗ ನಾನು ತೋಪಿನ ಗುಡ್ಡೆಯನ್ನೇ ಹೇಳುತ್ತಿದ್ದೆ.

ಪೂರ್ತಿ ಹೇಳಬೇಕಾದರೆ ಇನ್ನೊಂದನ್ನೂ ಹೇಳಬೇಕು. ಆ ಸಮಾನತೆಗೆ ಬೇಲಿಯಿತ್ತು. ಊರಿನ ಗುಡ್ಡೆ ಊರಿಗೆ, ಕೇರಿಯ ಗುಡ್ಡೆ ಕೇರಿಗೆ. ದಲಿತರ ಕೇರಿಯಲ್ಲಿ ಅವರದೇ ಚೀಟಿ, ಅವರದೇ ಪುಸ್ತಕ. ಊರ ಚೀಟಿಗೆ ಅವರ ನಾಲ್ಕಾಣೆಯನ್ನು ತೆಗೆದುಕೊಳ್ಳುತ್ತಿರಲಿಲ್ಲ. ತೋಪಿಗೆ ಸೌದೆ ತಂದುಹಾಕುವುದು, ತಮಟೆ ಬಡಿಯುವುದು ಅವರ ಕೆಲಸ. ಅದಕ್ಕೆ ಪ್ರತಿಯಾಗಿ ಹಂಚಿ, ಹರಾಜು ಹಾಕಿ ಮಿಕ್ಕಿದ ತಲೆಯೋ ಹೊಟ್ಟೆಯೋ ದೂರದಿಂದ ಹಾಕುತ್ತಿದ್ದರು. ಮೂವರು ಹಿರಿಯರ ಕಣ್ಣು ಅಷ್ಟು ನಿಖರವಾಗಿ ಅಳೆಯುತ್ತಿದ್ದ ಅದೇ ತೋಪಿನಲ್ಲಿ ಇದು ಅವರಿಗೆ ಕಾಣಲಿಲ್ಲ. ಅಪ್ಪನ ಪುಸ್ತಕದಲ್ಲಿ ಕೇರಿಯ ಒಂದು ಹೆಸರೂ ಇಲ್ಲ. ಅವನ ಬಗ್ಗೆ ನನಗಿರುವ ಪ್ರೀತಿ ಈ ಮಾತನ್ನು ಬಿಟ್ಟುಬಿಡಲು ಕಾರಣವಾಗಬಾರದು.

ಗುಡ್ಡೆ ಮನೆಗೆ ಬಂದ ಮೇಲಿನದು ಹೆಂಗಸರ ಲೆಕ್ಕ. ಒಂದು ಗುಡ್ಡೆಯೆಂದರೆ ಒಂದೂವರೆ ಕಿಲೋ, ಹೆಚ್ಚೆಂದರೆ ಎರಡು. ಹನ್ನೆರಡು ಎಲೆ. ಹಿಂದಿನ ದಿನದ ಒಬ್ಬಟ್ಟಿನಲ್ಲೇ ಅವ್ವನ ಕೈಯ ಲೆಕ್ಕ ಕಾಣುತ್ತಿತ್ತು: ಬೇಳೆ ಬೆಂದ ಕಟ್ಟನ್ನು ಚೆಲ್ಲದೆ, ಅದಕ್ಕೆ ಒಂದು ಹಿಡಿ ಹೂರಣ ರುಬ್ಬಿ ಹಾಕಿದರೆ ಒಬ್ಬಟ್ಟಿನ ಸಾರು, ಅದು ಎರಡು ದಿನಕ್ಕೆ ಬರುತ್ತದೆ. ಬಾಡಿನ ಸಾರಿಗೂ ಇದೇ ಬುದ್ಧಿ. ರಾತ್ರಿಯೇ ಒಣ ಅವರೆಕಾಳು ನೆನೆಹಾಕಿ ಬೆಳಿಗ್ಗೆ ಹಿತಕುವುದು. ಮೂಳೆಯ ತುಂಡುಗಳನ್ನು ಮೊದಲು ಅರಿಸಿನ, ಉಪ್ಪು, ಈರುಳ್ಳಿ ಹಾಕಿ ದೊಡ್ಡ ಪಾತ್ರೆಯಲ್ಲಿ ಹೊತ್ತುಗಟ್ಟಲೆ ಬೇಯಿಸುವುದು. ರಸವೆಲ್ಲ ನೀರಿಗೆ ಇಳಿಯಬೇಕು. ಆಮೇಲೆ ಮಾಂಸ, ಕಾಳು, ಆಲೂಗಡ್ಡೆ. ಒರಳುಕಲ್ಲಿನಲ್ಲಿ ಹುರಿದ ಧನಿಯ, ಒಣಮೆಣಸಿನಕಾಯಿ, ಚಕ್ಕೆ ಲವಂಗ, ಶುಂಠಿ ಬೆಳ್ಳುಳ್ಳಿ, ಹಸಿ ಕೊತ್ತಂಬರಿ, ತೆಂಗಿನಕಾಯಿ. ಗಸಗಸೆ ದುಬಾರಿ, ಅದರ ಬದಲು ಹುರಿಗಡಲೆ. ಸಾರು ಮಂದವಾಗುವುದು ಅದರಿಂದ. ತೆಂಗಿನಕಾಯಿ ಹಿತ್ತಲಿನದೇ. ಕೊಬ್ಬಿನ ತುಂಡು ಕರಗಿಸಿ ಒಗ್ಗರಣೆ ಕೊಟ್ಟರೆ ಎಣ್ಣೆಯೂ ಬೇಡ.

ಬಡಿಸುವುದಕ್ಕೂ ಒಂದು ಕೈಚಳಕ ಬೇಕು. ಪ್ರತಿ ಎಲೆಗೂ ಒಂದು ಮೆತ್ತನೆಯ ತುಂಡು, ಒಂದು ಮೂಳೆ, ಎರಡು ಆಲೂಗಡ್ಡೆ, ಕಾಳು ಬೇಕಾದಷ್ಟು, ಸಾರು ಕೇಳಿದಷ್ಟು. ನಲ್ಲಿಮೂಳೆ ಅಳಿಯನಿಗೆ. ಬೋಟಿಯ ಗೊಜ್ಜು ಮೊದಲೇ ಬಡಿಸಿಬಿಟ್ಟರೆ ಎಲೆ ತುಂಬಿದಂತೆ ಕಾಣುತ್ತದೆ. “ಇನ್ನೊಂದ್ ಮುದ್ದೆ ಇಕ್ಕುಸ್ಕೊಳಪ್ಪ” ಎಂದು ಅವ್ವ ಒತ್ತಾಯ ಮಾಡುತ್ತಿದ್ದುದು ಮುದ್ದೆಗೆ, ಮಾಂಸಕ್ಕಲ್ಲ. ಉಂಡವರು ಯಾರೂ ಅರೆಹೊಟ್ಟೆಯಲ್ಲಿ ಎದ್ದುಹೋದದ್ದಿಲ್ಲ. ಎಲ್ಲರ ಊಟವಾದ ಮೇಲೆ ಪಾತ್ರೆಯ ತಳದಲ್ಲಿ ಉಳಿದ ಸಾರಿಗೆ ಅವ್ವ, ಅತ್ತೆಯಂದಿರು ಮುದ್ದೆ ಅದ್ದಿಕೊಂಡು ತಿನ್ನುತ್ತಿದ್ದರು. ಅವರ ತಟ್ಟೆಯಲ್ಲಿ ಮಾಂಸದ ತುಂಡು ಇತ್ತೋ ಇಲ್ಲವೋ ಎಂದು ನಾವು ಮಕ್ಕಳು ನೋಡಲಿಲ್ಲ, ಗಂಡಸರೂ ನೋಡಲಿಲ್ಲ. ತೋಪಿನ ನ್ಯಾಯ ಅಡುಗೆಮನೆಯ ಒಳಗೆ ಬರಲಿಲ್ಲ. ಹಬ್ಬದೂಟ ಅಗ್ಗದಲ್ಲಿ ಮುಗಿಯಿತು ಎಂದು ಇವತ್ತು ಹೇಳುವಾಗ ಯಾರ ತಟ್ಟೆಯಿಂದ ಅಗ್ಗವಾಯಿತು ಎಂದೂ ಕೇಳಬೇಕಾಗುತ್ತದೆ.

ಹೊಟ್ಟೆ ತುಂಬಿಸುತ್ತಿದ್ದುದು ರಾಗಿ. 1965, 66ರ ಬರದಲ್ಲಿ ರಾಗಿಯೇ ಇಲ್ಲವಾಯಿತು. ಪಿ.ಎಲ್. 480 ಒಪ್ಪಂದದಲ್ಲಿ ಅಮೆರಿಕದಿಂದ ಬಂದ ಗೋಧಿ, ಕೆಂಪು ಜೋಳ ಪಡಿತರ ಅಂಗಡಿಯಲ್ಲಿ ಸಿಗುತ್ತಿತ್ತು. ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಸೋಮವಾರ ರಾತ್ರಿ ಊಟ ಬಿಡಿ ಎಂದು ದೇಶಕ್ಕೆ ಕೇಳಿಕೊಂಡದ್ದು ಆಗಲೇ. ಕೆಂಪು ಜೋಳದ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಆದರೂ ಆ ವರ್ಷವೂ ಚೀಟಿ ನಿಲ್ಲಲಿಲ್ಲ. ಪುಸ್ತಕದಲ್ಲಿ ಆ ವರ್ಷದ ಸೊನ್ನೆಗಳು ಎಷ್ಟೆಂದರೆ ಪುಟ ತಿರುಗಿಸುವುದೇ ಕಷ್ಟ. ಸೊನ್ನೆ ಇದ್ದವರಿಗೂ ಗುಡ್ಡೆ ಕೊಟ್ಟಿದ್ದಾರೆ, ಎಲ್ಲರದ್ದೂ ಚಿಕ್ಕದಾಗಿದೆ ಅಷ್ಟೆ. ಮುಂದೆ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ತಳಿ ವಿಜ್ಞಾನಿ ಸಿ.ಎಚ್. ಲಕ್ಷ್ಮಣಯ್ಯನವರು ಆಫ್ರಿಕದ ರಾಗಿಯನ್ನೂ ನಮ್ಮ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ತಂದರು. ರಾಗಿ ಬ್ರಹ್ಮ ಎಂದು ಜನ ಅವರನ್ನು ಕರೆದದ್ದು ಸುಮ್ಮನೆ ಅಲ್ಲ. ಹೊಸತೊಡಕಿನ ದಿನ ಎರಡನೆಯ ಮುದ್ದೆ ಕೇಳಲು ಯಾರೂ ಹಿಂಜರಿಯದಂತಾದದ್ದು ಆ ತಳಿಗಳು ಬಂದ ಮೇಲೆ.

ತೋಪಿನಲ್ಲಿ ಕುರಿಯ ಕುತ್ತಿಗೆಗೆ ಕತ್ತಿ ಹಾಕುತ್ತಿದ್ದವರು ಪಕ್ಕದ ಊರಿನ ಸಾಬರು. ಅಪ್ಪನಿಗಿಂತ ಹಿರಿಯರು, ನಾವು ಅವರನ್ನು ಮಾಮು ಅನ್ನುತ್ತಿದ್ದೆವು. ಅವರಿಗೆ ಒಂದು ಗುಡ್ಡೆ, ಮೇಲೆ ಕೂಲಿ. ಅವರ ಕೈಯಲ್ಲೇ ಕೊಯ್ಯಿಸಬೇಕು, ಆಗಲೇ ಮಾಂಸ ಶುದ್ಧ ಎಂದು ನಮ್ಮ ಹಿರಿಯರೇ ಹೇಳುತ್ತಿದ್ದರು. 2022ರ ಹೊಸತೊಡಕಿಗೆ ಮುಂಚೆ ಹಲಾಲ್ ಮಾಂಸ ಕೊಳ್ಳಬೇಡಿ ಎಂಬ ಪ್ರಚಾರ ರಾಜ್ಯದಲ್ಲೆಲ್ಲ ನಡೆಯಿತು. ಕರಪತ್ರ ನೋಡಿದಾಗ ನನಗೆ ಮಾಮು ನೆನಪಾದರು, ಬಹಳ ನೋವಾಯಿತು. 2025ರಲ್ಲಿ ಯುಗಾದಿ ಭಾನುವಾರ ಬಂತು, ಮಾರನೆಯ ದಿನ ಸೋಮವಾರ ರಂಜಾನ್ ಹಬ್ಬ. ಸೋಮವಾರ ಬಾಡು ತಿನ್ನದ ಮನೆಗಳು ಹೊಸತೊಡಕನ್ನು ಮಂಗಳವಾರಕ್ಕೆ ಹಾಕಿಕೊಂಡವು. ಸೋಮವಾರ ಸಾಬರ ಮನೆಯ ಊಟ, ಮಂಗಳವಾರ ನಮ್ಮ ಮನೆಯ ಊಟ. ನಮ್ಮೂರಿನ ಹಳೇ ಲೆಕ್ಕ ತಾನಾಗಿಯೇ ಕೂಡಿಬಂದಂತಾಯಿತು.

ಈಗ ಗುಡ್ಡೆ ಬಾಡು ಎಂಬುದು ಬೆಂಗಳೂರಿನ ಸುತ್ತ ಒಂದು ದಂಧೆಯೇ ಆಗಿದೆ. ಮಾಗಡಿ ರಸ್ತೆ, ಕನಕಪುರ ರಸ್ತೆ, ನೆಲಮಂಗಲದ ಕಡೆ ಹಬ್ಬಕ್ಕೆ ವಾರ ಇರುವಾಗಲೇ ಬೋರ್ಡು ಕಟ್ಟುತ್ತಾರೆ. ಅಲ್ಲಿ ಗುಡ್ಡೆಯನ್ನು ತೂಗಿ ಕೊಡುತ್ತಾರೆ. ಅಂಗಡಿಯ ಬೆಲೆಗಿಂತ ಇಲ್ಲಿ ಸ್ವಲ್ಪ ಕಡಿಮೆ. ಮೈಸೂರು ರಸ್ತೆಯ ಮಾಂಸದಂಗಡಿಗಳ ಮುಂದೆ ನಸುಕಿನಲ್ಲೇ ಸಾಲು. 2020ರ ಯುಗಾದಿ ಲಾಕ್‌ಡೌನಿನ ಮೊದಲ ದಿನವೇ ಬಂತು, ಮಾರ್ಚ್ 25. ಮಾರನೆಯ ದಿನವೂ ಜನ ಮನೆಯಲ್ಲಿ ಕೂರಲಿಲ್ಲ, ಅಂಗಡಿ ಹುಡುಕಿಕೊಂಡು ಹೊರಟರು. ತಿಳಿಯದವರು ಅದನ್ನು ಬಾಯಿಚಪಲ ಎಂದು ಬೈದರು. ವರ್ಷವೆಲ್ಲ ಚೀಟಿ ಕಟ್ಟಿ ಆ ಒಂದು ದಿನಕ್ಕೆ ಕಾದವರಿಗೆ ಆ ಮಾತು ಎಷ್ಟು ಚುಚ್ಚುತ್ತದೆ ಎಂದು ನನಗೆ ಗೊತ್ತು. ಚೀಟಿಯೂ ಬದಲಾಗಿದೆ. ಮುಖ ಪರಿಚಯವಿಲ್ಲದವರು ಫೋನಿನಲ್ಲಿ ಹಣ ಹಾಕಿಸಿಕೊಂಡು ಹಬ್ಬದ ಹಿಂದಿನ ದಿನ ಕಾಣೆಯಾದ ಸುದ್ದಿ ಆಗಾಗ ಬರುತ್ತದೆ. ಜಗಲಿಯ ಮೇಲೆ ಕೂತವನು ಎಲ್ಲಿಗೆ ಓಡಿಹೋದಾನು?

ಅಪ್ಪ ಹೋದ ಮೇಲೆ ನಮ್ಮೂರಿನ ಚೀಟಿ ಕೆಲವು ವರ್ಷ ನಿಂತುಹೋಗಿತ್ತು. 2000ದ ನಂತರ ಸ್ತ್ರೀಶಕ್ತಿ ಸಂಘಗಳು ಬಂದು, ಹೆಂಗಸರು ವಾರದ ಉಳಿತಾಯ, ಒಳಸಾಲ, ಬಡ್ಡಿ ಎಂದು ಕೂತಾಗ ಅದು ಅಪ್ಪನ ಪುಸ್ತಕದ ಲೆಕ್ಕವೇ ಎಂದು ಊರಿನ ಹಳಬರು ಗುರುತಿಸಿದರು. ಸಂಘದಲ್ಲಿ ಕೇರಿಯ ಹೆಂಗಸರೂ ಇದ್ದರು. ಸಂಘದ ಹಣದಲ್ಲಿ ಹೊಸತೊಡಕಿನ ಚೀಟಿಯೂ ಇರಲಿ ಎಂದು ಅವರೇ ಕೇಳಿದರು. ಒಂದು ಚೀಟಿಯೋ ಎರಡೋ ಎಂದು ಜಗಳವಾಯಿತು. ಎರಡು ವರ್ಷ ಚೀಟಿಯೇ ನಡೆಯಲಿಲ್ಲ. ಮೂರನೆಯ ವರ್ಷ ಒಂದೇ ಪುಸ್ತಕವಾಯಿತು, ಅದನ್ನು ಬರೆಯುವವಳು ಕೇರಿಯ ಹುಡುಗಿ, ಪಿಯುಸಿ ಓದಿದವಳು. ಈಗ ಮಾಂಸದ ಜೊತೆ ಅರ್ಧ ಕಿಲೋ ತೊಗರಿಬೇಳೆ, ಒಂದು ಅಚ್ಚು ಬೆಲ್ಲವನ್ನೂ ಚೀಟಿಗೆ ಸೇರಿಸಿದ್ದಾರೆ, ಮೊದಲ ದಿನದ ಒಬ್ಬಟ್ಟಿಗೆ. ಕೆಲವು ಮನೆಯ ಗಂಡಸರು ಇವತ್ತಿಗೂ ಈ ಗುಡ್ಡೆಯನ್ನು ಮುಟ್ಟದೆ ಮದ್ದೂರಿನ ಅಂಗಡಿಯಿಂದ ಬೇರೆ ತರುತ್ತಾರೆ. ಅವರ ಹೆಂಡಂದಿರು ವಾರವಾರ ಚೀಟಿ ಕಟ್ಟುತ್ತಲೇ ಇದ್ದಾರೆ.